ಎಲೆಕ್ಟ್ರಾನ್ ಬೀಮ್ ‘ಟ್ರೀಟ್‌ಮೆಂಟ್’: ಚಿಕಿತ್ಸೆಯೇ, ಸಂಸ್ಕರಣೆಯೇ, ಹದವೇ?

ಬಳಗದ ಹಿರಿಯರಿಗೂ ಮಿತ್ರರಿಗೂ ನಮಸ್ಕಾರ.

ನವಿ ಮುಂಬಯಿಯ ನಮ್ಮ ಕನ್ನಡ ಸಂಘದ ಪತ್ರಿಕೆಗಾಗಿ, ಪ್ಲಾಸ್ಟಿಕ್ ಹಾಳೆ ಮತ್ತು ಫಿಲ್ಮುಗಳ ಮೇಲೆ ಎಲೆಕ್ಟ್ರಾನ್ ಕಿರಣ ಹಾಯಿಸಿ ಅವುಗಳ ಗುಣ ಹೆಚ್ಚಿಸುವ ಕ್ರಮದ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ವಾಶಿಯಲ್ಲಿ 2 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಕಿರಣದ ಶಕ್ತಿಯ ಅಳತೆ) ಶಕ್ತಿಯ ವೇಗವರ್ಧಕವೂ, ಎಂದರೆ ಎಲೆಕ್ಟ್ರಾನುಗಳಿಗೆ ವೇಗ ಕೊಡುವ ಯಂತ್ರವೂ, ಖಾರ್‌ಘರ್‌ನ ಎಲೆಕ್ಟ್ರಾನ್ ಬೀಮ್ ಸೆಂಟರ್‌ನಲ್ಲಿ 10 ಎಂಇವಿ ಯಂತ್ರವೂ ಇರುವುದರಿಂದ ಇಲ್ಲಿನ ಓದುಗರಿಗೆ ಇದು ನೆರೆಹೊರೆಯ ವಿಷಯ. ‘ಟ್ರೀಟ್‌ಮೆಂಟ್’ ಎಂಬುದಕ್ಕೆ ಯಾವ ಪದ ಸಲ್ಲುತ್ತದೆ ಎಂಬುದು ನನ್ನ ಪ್ರಶ್ನೆ.

‘ಚಿಕಿತ್ಸೆ’ ನನಗೆ ಒಪ್ಪಿಗೆಯಿಲ್ಲ. ರೋಗವಿದ್ದಲ್ಲಿ ಚಿಕಿತ್ಸೆ, ಪಾಲಿಥೀನಿಗೆ ಇಲ್ಲಿ ಯಾವ ರೋಗವೂ ಇರುವುದಿಲ್ಲ. ಕಿರಣಗಳು ಅದರ ಉದ್ದನೆಯ ಅಣುಸರಪಳಿಗಳಿಂದ ಹೈಡ್ರೋಜನ್ ಪರಮಾಣುಗಳನ್ನು ಕಳಚುವುದರಿಂದ ಅಕ್ಕಪಕ್ಕದ ಸರಪಳಿಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ; ಆಮೇಲೆ ಅದು ಕಾಯಿಸಿದರೆ ಮೆತ್ತಗಾಗುತ್ತದೆಯೇ ಹೊರತು ಕರಗಿ ಹರಿಯುವುದಿಲ್ಲ. ಕೇಬಲ್ಲಿನ ಜೋಡಣೆಗೆ ತೊಡಿಸುವ ಹೀಟ್‌ಶ್ರಿಂಕ್ ಕೊಳವೆಯನ್ನೇ ನೋಡಿ. ಬಿಸಿಗಾಳಿ ತಾಗಿದೊಡನೆ ಅದು ತೊಟ್ಟಿಕ್ಕದೆ, ತಯಾರಿಸುವಾಗ ಹಿಗ್ಗಿಸುವ ಮುಂಚೆ ಇದ್ದ ತನ್ನ ಅಳತೆಯತ್ತ ಕುಗ್ಗಿ, ತಂತಿಯ ಉಬ್ಬುತಗ್ಗುಗಳನ್ನೆಲ್ಲ ಬಿಗಿಯಾಗಿ ಹಿಡಿಯುತ್ತದೆ. ಕುಗ್ಗುವ ಪ್ಯಾಕಿಂಗ್ ಫಿಲ್ಮಿನಲ್ಲೂ ಇದೇ ಗುಣ ಕೆಲಸಕ್ಕೆ ಬರುತ್ತದೆ.

‘ಹದಗೊಳಿಸುವಿಕೆ’ಯ ಕಡೆಗೆ ನನ್ನ ಒಲವು. ಚರ್ಮವನ್ನೂ ಮಣ್ಣನ್ನೂ ಹದ ಮಾಡುವಂತೆಯೇ ಇಲ್ಲಿಯೂ ಮಿತಿ ಮುಖ್ಯ, ಹದ ತಪ್ಪುವ ಭಯವೂ ಉಂಟು. ಪಾಲಿಥೀನಿಗೆ ಸಾಮಾನ್ಯವಾಗಿ 100ರಿಂದ 200 ಕಿಲೋಗ್ರೇ (ವಸ್ತು ಹೀರಿಕೊಳ್ಳುವ ವಿಕಿರಣದ ಅಳತೆ) ಕೊಡುತ್ತಾರೆ. ಅದೇ ಕಿರಣ ಸಾದಾ ಪಾಲಿಪ್ರೊಪಿಲೀನಿನ ಸರಪಳಿಗಳನ್ನು ಕಡಿದು ಅದನ್ನು ಪೆಡಸಾಗಿಸುತ್ತದೆ. ಟೆಫ್ಲಾನನ್ನಂತೂ ಅರೆದರೆ ನುಣ್ಣನೆಯ ಪುಡಿಯಾಗುವಷ್ಟು ದುರ್ಬಲಗೊಳಿಸುತ್ತದೆ. ಆ ಪುಡಿಯನ್ನು ಮುದ್ರಣದ ಮಸಿಗೂ ಗ್ರೀಸಿಗೂ ಬೆರೆಸುವುದರಿಂದ ಅದಕ್ಕಾಗಿಯೇ ಕಿರಣ ಹಾಯಿಸುವುದುಂಟು. ಹೀಗೆ ಬೇಕೆಂದೇ ಕೆಡಿಸುವುದನ್ನು ‘ಹದ’ ಎನ್ನಬಹುದೇ? ‘ಸಂಸ್ಕರಣೆ’ ಎರಡಕ್ಕೂ ಸಲ್ಲುತ್ತದೆ ನಿಜ, ಆದರೆ ಆಹಾರ, ದತ್ತಾಂಶ, ಚರಂಡಿ ನೀರು ಎಲ್ಲಕ್ಕೂ ಅದನ್ನೇ ಬಳಸಿ ಅದರ ಮೊನೆ ಸವೆದಿದೆ. ‘ವಿಕಿರಣ ಸಂಸ್ಕರಣೆ’ ಎಂದು ಬರೆದರೆ ಹಾಳೆಯೇ ವಿಕಿರಣಶೀಲವಾಯಿತೆಂದು ಓದುಗರು ಅಂಜಬಹುದು. ಈ ಶಕ್ತಿಯ ಎಲೆಕ್ಟ್ರಾನುಗಳಿಂದ ಪ್ಲಾಸ್ಟಿಕ್ ಹಾಗಾಗುವುದಿಲ್ಲ.

ಇದರೊಡನೆ ಇನ್ನೊಂದು ಪದವೂ ಇತ್ಯರ್ಥವಾಗಬೇಕು. ಸರಪಳಿಗಳ ಕೂಡಿಕೆಯಾದ ‘ಕ್ರಾಸ್‌ಲಿಂಕಿಂಗ್’ಗೆ ‘ಅಡ್ಡಬೆಸುಗೆ’ ಎಂಬ ಸಲಹೆ ಬಂದಿದೆ. ಹಾಳೆಗಳ ಅಂಚನ್ನು ಕಾಯಿಸಿ ಅಂಟಿಸುವುದಕ್ಕೂ ಬೆಸುಗೆ ಎಂದೇ ಹೇಳುವುದರಿಂದ ನಾನು ‘ಅಡ್ಡಕೊಂಡಿ’ ಎಂದು ಬರೆದಿದ್ದೇನೆ. ಕಮ್ಮಾರರು ಕುಡುಗೋಲಿಗೆ ‘ಹದ ಕೊಡುವುದು’ ಎಂಬ ಬಳಕೆ ತಮ್ಮ ಕಡೆ ಇದ್ದರೆ, ಅದನ್ನು ಯಾವ ಅರ್ಥದಲ್ಲಿ ಹೇಳುತ್ತಾರೆಂದು ವಾಕ್ಯಸಹಿತ ತಿಳಿಸಬೇಕಾಗಿ ವಿನಂತಿ.