ಚೈನ್ ಪಕ್ಷ, ಟೈರ್ ಪಕ್ಷ

"ಸಾಲಾಗಿ ನಿಲ್ಲಿಸಿದ ನಾಲ್ಕು ಕಾರಿನ ಮೇಲೆ ಟ್ಯಾಂಕ್ ಹತ್ತಿಸಿದರೆ ಏನಾಗುತ್ತೆ?" ಅಂತ ರಫೀಕ್ ಕೇಳಿದ.

"ಕಾರು ಅಪ್ಪಚ್ಚಿ ಆಗುತ್ತೆ," ಅಂದ ಬಸಣ್ಣ.

"ಆಮೇಲೆ?"

"ಆಮೇಲೇನು? ಅಪ್ಪಚ್ಚಿ ಆಯ್ತಲ್ಲ."

"ಅದೇ ನೋಡು. ಅಲ್ಲಿಗೆ ಆಟವೂ ಮುಗಿಯಿತು."

ಇದೆಲ್ಲ ಹೊತ್ತಿಕೊಂಡಿದ್ದು ಸೀನನ ಮೊಬೈಲಿನಿಂದ. ಅಮೆರಿಕದ ಯಾವುದೋ ಸ್ಟೇಡಿಯಂ, 80ರ ದಶಕದ ಮಸುಕು ವಿಡಿಯೋ. ಮೇಲೆ ಪಿಕಪ್ ಟ್ರಕ್ಕಿನ ಮೈ, ಕೆಳಗೆ ಟೈರ್ ಇರಬೇಕಾದ ಜಾಗದಲ್ಲಿ ಟ್ಯಾಂಕಿನ ಚೈನು. ಅದು ಗುಡುಗುಡು ಅಂತ ಬಂತು, ಕಾರುಗಳ ಮೇಲೆ ಹತ್ತಿತು, ಇಳಿಯಿತು, ಹೋಯಿತು. ಜನ ಕೂಗಿದರು. ಅಷ್ಟೇ. ಸೀನ ಇನ್ನೊಂದು ಸಲ ಹಾಕಿದ. ಆಗಲೂ ಅದು ಹತ್ತಿತು, ಇಳಿಯಿತು, ಹೋಯಿತು. ಕಾರು ತುಳಿಯುವ ಈ ಆಟದಲ್ಲಿ ಇಂಥ ಟ್ಯಾಂಕಿಗಿಂತ ಮಾನ್‌ಸ್ಟರ್ ಟ್ರಕ್ಕೇ, ಅಂದರೆ ಆಳೆತ್ತರದ ಟೈರ್ ಹಾಕಿದ ಪಿಕಪ್ಪೇ, ಗೆದ್ದಿತು ಅನ್ನುವುದು ರಫೀಕನ ವಾದ.

ಬಸಣ್ಣ ಹುಟ್ಟಾ ಚೈನ್ ಪಕ್ಷ. ಸಿಂಧನೂರು ಕಡೆಯವನು. ಅವನ ಅಣ್ಣನ ಹತ್ತಿರ ಭತ್ತ ಕೊಯ್ಯುವ ಚೈನ್ ಮಷಿನ್ ಇದೆ. ಗದ್ದೆ ಹಸಿ ಇದ್ದಾಗ ಟೈರ್ ಮಷಿನ್ ಬದುವಿನ ಮೇಲೆ ಕೈಕಟ್ಟಿ ನಿಲ್ಲುತ್ತೆ, ಚೈನ್ ಮಷಿನ್ ಸಲೀಸಾಗಿ ಇಳಿಯುತ್ತೆ. ಬಾಡಿಗೆಯೂ ಜಾಸ್ತಿ. ರಫೀಕ್ ಗ್ಯಾರೇಜಿನವನು, ಅವನ ಅನ್ನ ಇರುವುದು ಟೈರಿನಲ್ಲಿ. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಯಾವ ಪಕ್ಷಕ್ಕೂ ಸೇರದೆ ಇಬ್ಬರ ತಟ್ಟೆಯ ಮಿರ್ಚಿಗೂ ಕೈ ಹಾಕುತ್ತಾರೆ.

"ಟೈರು ಗೆದ್ದಿತು ಅಂತೀಯಲ್ಲ, ಮೊದಲಿಂದ ಹೇಳು," ಅಂದರು ಮೇಷ್ಟ್ರು. ಹಾಗನ್ನಬಾರದಿತ್ತು. ರಫೀಕ್ ಮೊದಲಿಂದ ಅಂದರೆ ನಿಜಕ್ಕೂ ಮೊದಲಿಂದಲೇ ಹೇಳುತ್ತಾನೆ.

"1974ರ ಫೋರ್ಡ್ ಎಫ್-250. ಓನರ್ ಬಾಬ್ ಚಾಂಡ್ಲರ್. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಹತ್ತಿರ ಫೋರ್ ವೀಲ್ ಡ್ರೈವ್ ಗಾಡಿಗಳ ಅಂಗಡಿ ಇಟ್ಟಿದ್ದ. ಸಿಕ್ಕಾಪಟ್ಟೆ ಆಕ್ಸಿಲರೇಟರ್ ತುಳಿದು ಆಕ್ಸಲ್ ಮುರಿದುಕೊಂಡು ಬರುತ್ತಿದ್ದ. ನಿನ್ನ ದೊಡ್ಡ ಪಾದದಿಂದಲೇ ಇದೆಲ್ಲ ಆಗಿದ್ದು ಅಂತ ಅಂಗಡಿಯವರು ರೇಗಿಸಿದರು. ಗಾಡಿಗೆ ಬಿಗ್‌ಫುಟ್ ಅಂತಲೇ ಹೆಸರಾಯಿತು."

"ನನ್ನ ಮಗನೂ ಹಾಗೇ ತುಳಿಯುತ್ತಾನೆ, ಅವನಿಗೆ ಬರೀ ದಂಡ ಬೀಳುತ್ತೆ," ಅಂದರು ಮೇಷ್ಟ್ರು.

"ಕೇಳಿ ಸಾರ್. ಆಕ್ಸಲ್ ಮುರಿದಷ್ಟೂ ದಪ್ಪನೆಯದು ಹಾಕಿದ. ದಪ್ಪ ಆಕ್ಸಲ್ಲಿಗೆ ದೊಡ್ಡ ಟೈರ್. ದೊಡ್ಡ ಟೈರಿಗೆ ಇನ್ನೂ ದಪ್ಪ ಆಕ್ಸಲ್. ಕೊನೆಗೆ ಸೈನ್ಯದ ಗುಜರಿಯಿಂದಲೇ ಆಕ್ಸಲ್ ತರುವ ಹಾಗಾಯಿತು. 1981ರಲ್ಲಿ ಒಂದು ಹೊಲದಲ್ಲಿ ಎರಡು ಗುಜರಿ ಕಾರು ಇಟ್ಟು ಮೇಲೆ ಹತ್ತಿಸಿದ, ಸುಮ್ನೆ ಒಂದು ವಿಡಿಯೋಗೆ. ಆ ಕ್ಯಾಸೆಟ್ಟನ್ನು ಅಂಗಡಿಯಲ್ಲಿ ಹಾಕಿಟ್ಟಿದ್ದ. ಶೋ ನಡೆಸುವವನೊಬ್ಬ ನೋಡಿ, ಜನರ ಎದುರು ಮಾಡು ಅಂದ. 1982ಕ್ಕೆ ಪಾಂಟಿಯಾಕ್ ಸಿಲ್ವರ್‌ಡೋಮ್ ಸ್ಟೇಡಿಯಂ ತುಂಬ ಜನ. ಅಷ್ಟೊತ್ತಿಗೆ ಟೈರ್ 66 ಇಂಚು."

"ಐದೂವರೆ ಅಡಿ!" ಅಂದ ಸೀನ. ಅವನೇ ಐದಡಿ ನಾಲ್ಕಿಂಚು.

"ಸೈನ್ಯದ ಆಕ್ಸಲ್ ಅಂದೆಯಲ್ಲ," ಬಸಣ್ಣ ಹಿಡಿದುಕೊಂಡ. "ಹಾಗಾದರೆ ನಿಮ್ಮ ಟೈರ್ ಪಕ್ಷದವರೂ ಟ್ಯಾಂಕಿನ ನೆಂಟರೇ."

"ನೆಂಟರಾದ್ದರಿಂದಲೇ ಟ್ಯಾಂಕ್ ಬಂದದ್ದು. ದೊಡ್ಡದು ಬೇಕು, ಇನ್ನೂ ದೊಡ್ಡದು ಬೇಕು ಅಂತ ಜನರಿಗೆ ಹುಚ್ಚು. ಚಾಂಡ್ಲರ್ 1986ರಲ್ಲಿ ಹತ್ತು ಅಡಿ ಎತ್ತರದ ಟೈರ್ ಹಾಕಿ ಬಿಗ್‌ಫುಟ್ 5 ಮಾಡಿದ. ಆ ಟೈರು ಅಮೆರಿಕದ ಸೈನ್ಯ ಅಲಾಸ್ಕಾದ ಹಿಮದಲ್ಲಿ ಓಡಿಸಲು ಮಾಡಿಸಿದ್ದ ರೈಲಿನಂಥ ಗಾಡಿಯದು. ಗುಜರಿಯವನಿಂದ ಕೊಂಡ. ಗಾಡಿ ಎತ್ತರ ಹದಿನೈದೂವರೆ ಅಡಿ, ತೂಕ 28,000 ಪೌಂಡ್."

"ಹನ್ನೆರಡೂವರೆ ಟನ್ ದಾಟುತ್ತೆ," ಮೇಷ್ಟ್ರು ಬಾಯಿಲೆಕ್ಕ ಹಾಕಿದರು.

"ಅದೇ ಕಾಲದಲ್ಲಿ ಅವನೇ ಫಾಸ್ಟ್‌ಟ್ರ್ಯಾಕ್ಸ್ ಅಂತ ಒಂದು ಮಾಡಿದ. ಸೈನಿಕರನ್ನು ಸಾಗಿಸುವ ಚೈನ್ ಗಾಡಿ, ಅದಕ್ಕೆ 460 ಕ್ಯೂಬಿಕ್ ಇಂಚಿನ ಎರಡು ಫೋರ್ಡ್ ಎಂಜಿನ್. ಒಂದೊಂದೂ ಏಳೂವರೆ ಲೀಟರ್. ಬೇರೆಯವರೂ ಚೈನ್ ಕಟ್ಟಿಕೊಂಡು ಅಖಾಡಕ್ಕೆ ಇಳಿದರು. ಪೋಸ್ಟರಿನಲ್ಲಿ ಮಾನ್‌ಸ್ಟರ್ ಟ್ಯಾಂಕ್ ಅಂತ ಹಾಕಿದರೆ ಯಾರು ಬರುವುದಿಲ್ಲ ಹೇಳು?"

"ನಾನಂತೂ ಹೋಗುತ್ತಿದ್ದೆ," ಅಂದ ಬಸಣ್ಣ.

"ಎರಡನೇ ಸಲ?"

ಬಸಣ್ಣ ಮಂಡಕ್ಕಿ ತೆಗೆದು ಬಾಯಿಗೆ ಹಾಕಿಕೊಂಡ. ಉತ್ತರ ಬರಲಿಲ್ಲ.

ಇಲ್ಲಿ ಮೇಷ್ಟ್ರಿಗೆ ಹುಮ್ಮಸ್ಸು ಬಂತು. ಅವರಿಗೆ ಕಪ್ಪುಹಲಗೆ ಇಲ್ಲದಿದ್ದರೆ ಪೇಪರ್ ಪ್ಲೇಟೂ ಆಗುತ್ತೆ. "ಚೈನ್ ಯಾಕೆ ಹಾಕುತ್ತಾರೆ? ಭಾರವನ್ನು ಅಗಲಕ್ಕೆ ಹಂಚೋಕೆ. ನೆಲಕ್ಕೆ ಗೊತ್ತೇ ಆಗಬಾರದು, ಒಳಗೆ ಕೂತವನಿಗೂ ಹಳ್ಳ-ದಿಣ್ಣೆ ತಟ್ಟಬಾರದು. ಅಂದರೆ ಏನೂ ಆಗದೇ ಇರಲಿ ಅಂತಲೇ ಮಾಡಿದ ಗಾಡಿ ಅದು. ಟಿಕೆಟ್ ತಗೊಂಡವನು ಬಂದಿರೋದು ಏನಾದರೂ ಆಗಲಿ ಅಂತ."

ಟ್ರಕ್ಕಿನದೊಂದು, ಟ್ಯಾಂಕಿನದೊಂದು ವಿಡಿಯೋ ಅಕ್ಕಪಕ್ಕ ಇಟ್ಟು ನೋಡಿದರೆ ಮೇಷ್ಟ್ರ ಮಾತು ಕಣ್ಣಿಗೇ ಕಾಣುತ್ತೆ. ಟ್ರಕ್ಕು ಮೊದಲನೇ ಕಾರಿನ ಬಾನೆಟ್ಟಿಗೆ ಬಂದು ಬಡಿಯುತ್ತೆ. ಮುಂದಿನ ಟೈರ್ ಒಳಕ್ಕೆ ಅಮುಕಿ ಬಲೂನಿನ ಹಾಗೆ ಉಬ್ಬುತ್ತೆ, ಮೂತಿ ಆಕಾಶ ನೋಡುತ್ತೆ. ಕಾರಿನ ಗಾಜು ಪುಡಿಪುಡಿ. ಹಿಂದಿನ ಟೈರ್ ಹತ್ತುವಾಗ ಗಾಡಿ ಒಂದು ಪಕ್ಕಕ್ಕೆ ವಾಲುತ್ತೆ. ಬೀಳುತ್ತೋ ಇಲ್ಲವೋ ಅಂತ ಎಲ್ಲರೂ ಕುರ್ಚಿಯ ತುದಿಗೆ ಬರುತ್ತಾರೆ. ಟ್ಯಾಂಕ್ ಹಾಗಲ್ಲ. ಕಾರಿದೆ ಅಂತ ಅದಕ್ಕೆ ಗೊತ್ತಾಗಿದೆಯೋ ಇಲ್ಲವೋ ಅನ್ನುವುದೇ ಅನುಮಾನ.

"ನಮ್ಮ ಸೈನ್ಯದ ಟಿ-90 ಹಾರುತ್ತಲ್ಲ!" ಬಸಣ್ಣ ಬಿಡಲಿಲ್ಲ. "ಹಾರುವ ಟ್ಯಾಂಕ್ ಅಂತಲೇ ಹೆಸರು ಅದಕ್ಕೆ. ನಾನೇ ನೋಡಿದ್ದೇನೆ, ದಿಬ್ಬದಿಂದ ನೆಗೆಯೋದನ್ನ."

"ಹಾರಲಿ ಬಿಡು, ಎಷ್ಟು ದೂರ? 1999ರಲ್ಲಿ ಟೆನೆಸಿಯ ಸ್ಮಿರ್ನಾದಲ್ಲಿ ಬಿಗ್‌ಫುಟ್ 14 ಬೋಯಿಂಗ್ 727 ವಿಮಾನದ ಮೇಲಿಂದ 202 ಅಡಿ ಹಾರಿತು. ವಿಮಾನ ನೆಲದ ಮೇಲೆ ನಿಂತಿತ್ತು, ಟ್ರಕ್ಕು ಆಕಾಶದಲ್ಲಿತ್ತು."

ಇದಕ್ಕೆ ಚೈನ್ ಪಕ್ಷದ ಹತ್ತಿರ ಜವಾಬಿರಲಿಲ್ಲ.

ಚೈನಿನವರಿಗೆ ನಿಜವಾಗಿ ಪೆಟ್ಟು ಬಿದ್ದದ್ದು ಮಾತ್ರ ಅದಕ್ಕೂ ಮೊದಲೇ. ಬರೀ ಕಾರು ತುಳಿಯುವುದು ಸಪ್ಪೆಯಾದಾಗ ಟ್ರಕ್ಕಿನವರು ರೇಸಿಗೆ ಇಳಿದರು. 1988ರಲ್ಲಿ ಟಿಎನ್‌ಟಿ ಅನ್ನುವ ಕಂಪನಿ ಇಡೀ ವರ್ಷ ಪಾಯಿಂಟ್ ಲೆಕ್ಕ ಇಟ್ಟು ಸರಣಿ ನಡೆಸಿತು. ಗೆದ್ದದ್ದು ಬಿಗ್‌ಫುಟ್ ಅಲ್ಲ, ಯುಎಸ್‌ಎ-1 ಅನ್ನುವ ಟ್ರಕ್ಕು. ಚಾಂಡ್ಲರ್ ಸುಮ್ಮನೆ ಕೂರಲಿಲ್ಲ. ಬಿಗ್‌ಫುಟ್ 8 ಬಂತು. ಲಾರಿಯ ಚಾಸಿ ಹೋಗಿ ಪೈಪಿನ ಚೌಕಟ್ಟು, ಪಟ್ಟಿ ಸ್ಪ್ರಿಂಗ್ ಹೋಗಿ ನೈಟ್ರೋಜನ್ ತುಂಬಿದ ಶಾಕ್ ಅಬ್ಸಾರ್ಬರ್. ಅಲ್ಲಿಯ ತನಕ ತೂಕ ಅಂದರೆ ಹೆಮ್ಮೆ. ಅವತ್ತಿನಿಂದ ತೂಕ ಅಂದರೆ ಶತ್ರು. ಈಗಿನ ಟ್ರಕ್ಕುಗಳು ಸುಮಾರು 12,000 ಪೌಂಡ್, ಹತ್ತಿರಹತ್ತಿರ 1,500 ಕುದುರೆ ಶಕ್ತಿ. ಟ್ಯಾಂಕಿನ ಚೈನ್ ಬಿಚ್ಚಿ ಹಗುರ ಮಾಡೋಣ ಅಂದರೆ ಆಮೇಲೆ ಉಳಿಯುವುದೇನು?

"ಸಾಗಿಸೋ ಕಷ್ಟ ಬೇರೆ," ಅಂದ ಸೀನ. ಅವನು ರಸ್ತೆ ಕಾಂಟ್ರಾಕ್ಟರ್ ಹತ್ತಿರ ಲೆಕ್ಕ ಬರೆಯುತ್ತಾನೆ. "ನಮ್ಮಲ್ಲಿ ಜೆಸಿಬಿ ತಾನೇ ಓಡಿಕೊಂಡು ಬರುತ್ತೆ. ಚೈನಿನ ಹಿಟಾಚಿ ಬರಬೇಕಾದರೆ ಟ್ರೇಲರ್ ಮೇಲೆ ಮೆರವಣಿಗೆ. ಇಳಿಸಿ ಡಾಂಬರಿನ ಮೇಲೆ ಒಂದು ಸಲ ತಿರುಗಿಸಿದರೆ ಸಾಕು, ಹೊಸ ಟೆಂಡರ್ ಕರೆಯಬಹುದು."

ಸೀನ ಹೇಳಿದ್ದು ನಿಜ. ಚೈನ್ ಗಾಡಿಗೆ ಸ್ಟೀರಿಂಗ್ ತಿರುಗಿಸಲು ಮುಂದಿನ ಗಾಲಿ ಎಲ್ಲಿದೆ? ಒಂದು ಕಡೆಯ ಚೈನ್ ತಡೆದು ಇನ್ನೊಂದನ್ನು ಓಡಿಸಬೇಕು. ಆಗ ನೆಲ ಕೆರೆದುಕೊಂಡೇ ತಿರುಗುತ್ತೆ. ಬಾಡಿಗೆಗೆ ಸ್ಟೇಡಿಯಂ ಹಿಡಿದವನಿಗೆ ಮಣ್ಣಿನ ಕೆಳಗಿನ ನೆಲದ್ದೇ ಚಿಂತೆ.

ಆಮೇಲೆ ಕಾರು ತಿನ್ನುವ ಡೈನೋಸಾರೂ ಬಂತು. ರೋಬೋಸಾರಸ್, ನಲವತ್ತು ಅಡಿ ಎತ್ತರದ ಕಬ್ಬಿಣದ ಪ್ರಾಣಿ. ಕಾರನ್ನು ಎತ್ತಿ ಕಚ್ಚುವುದು, ಬಾಯಿಂದ ಬೆಂಕಿ ಉಗುಳುವುದು. ಅದರ ಎದುರು ಪಾಪ ಟ್ಯಾಂಕ್ ಎಷ್ಟು ಸಭ್ಯ ನೋಡಿ. ಟ್ರಕ್ಕಿನವರು ಮುಂದೆ ಫ್ರೀಸ್ಟೈಲ್, ಅಂದರೆ ಮನಸ್ಸಿಗೆ ಬಂದ ಕಸರತ್ತು, ಶುರು ಮಾಡಿದರು. 2010ರಲ್ಲಿ ಜ್ಯಾಕ್ಸನ್‌ವಿಲ್‌ನಲ್ಲಿ ಕ್ಯಾಮ್ ಮೆಕ್ವೀನ್ ಟ್ರಕ್ಕನ್ನು ಹಿಮ್ಮುಖ ಪಲ್ಟಿ ಹೊಡೆಸಿ ಮತ್ತೆ ನಾಲ್ಕೂ ಗಾಲಿಯ ಮೇಲೆ ಇಳಿಸಿದ.

"ಈಗ ಚೈನ್ ಪಕ್ಷ ಪೂರ್ತಿ ಸರ್ವನಾಶವಾ?" ಬಸಣ್ಣನ ದನಿ ಇಳಿದಿತ್ತು.

ರಫೀಕ್‌ಗೆ ಕನಿಕರ ಬಂತು. "ಇಲ್ಲ ಮಾರಾಯ. ಮೇನ್ ರಾಜ್ಯದಲ್ಲಿ ಹೋವ್ ಅಂತ ಅವಳಿ ಅಣ್ಣತಮ್ಮಂದಿರು ರಿಪ್‌ಸಾ ಅನ್ನುವ ಚೈನ್ ಗಾಡಿ ಮಾಡಿದರು. ಹಗುರ, ಬಾಣದ ಹಾಗೆ ಓಡುತ್ತೆ. ಆದರೆ ಅದರ ಮೇಲೆ ಕಣ್ಣು ಹಾಕಿದ್ದು ಸೈನ್ಯ. ಬಂದ ಮನೆಗೇ ವಾಪಸ್ ಹೋಯಿತು."

ಬಸಣ್ಣ ಚೇತರಿಸಿಕೊಂಡ. "ಒಂದು ಪಂದ್ಯ ಆಗಲಿ. ನಮ್ಮ ಗದ್ದೆಗೆ ನೀರು ಬಿಡಿಸುತ್ತೇನೆ. ನಿನ್ನ ಬಿಗ್‌ಫುಟ್ ಇಳಿಯಲಿ, ನಮ್ಮ ಅಣ್ಣನ ಮಷಿನೂ ಇಳಿಯಲಿ."

"ಅದು ಹೂಳೋದಿಲ್ಲ ಕಣೋ. ಆ 66 ಇಂಚಿನ ಟೈರು ಹೊಲದಲ್ಲಿ ಗೊಬ್ಬರ ಎರಚೋ ಗಾಡಿಗೆ ಅಂತ ಮಾಡಿದ್ದು, ನೀರಿನ ಮೇಲೂ ತೇಲುತ್ತೆ."

"ಹೂತರೆ?"

ಎಲ್ಲರ ಕಣ್ಣೂ ಅರಳಿತು. ಹತ್ತು ಸಾವಿರ ಪೌಂಡಿಗೂ ಜಾಸ್ತಿ ತೂಕದ ಟ್ರಕ್ಕು ಸಿಂಧನೂರಿನ ಕೆಸರಿನಲ್ಲಿ ಗರಗರ ಗಾಲಿ ತಿರುಗಿಸುತ್ತಾ ಕೂತರೆ! ಟಿಕೆಟ್ ನೂರಾದರೂ ಪರವಾಗಿಲ್ಲ ಅಂದ ಸೀನ. ಇನ್ನೂರು ಇಡಬಹುದು ಅಂದರು ಮೇಷ್ಟ್ರು.

"ನಮ್ಮ ಅಣ್ಣನ ಮಷಿನ್ ನೋಡೋಕೆ ಎಷ್ಟು?" ಬಸಣ್ಣ ಕೇಳಿದ.

"ಅದನ್ನ ದಿನಾ ಬಿಟ್ಟಿ ನೋಡುತ್ತೀವಲ್ಲೋ."

"ಸರಿ. ಟ್ರಕ್ಕು ಹೂತ ಮೇಲೆ ಎಳೆಯೋಕೆ ಅದೇ ಬೇಕಲ್ಲ? ಗಂಟೆ ಲೆಕ್ಕದಲ್ಲಿ ಬಾಡಿಗೆ. ಡೀಸೆಲ್ ಬೇರೆ."