ಪುಟ್ಟಿಯ ಪ್ರಶ್ನೆಗೆ: ನೀರು ಇಳಿಯುವವರೆಗೆ ಕಾಯಬಾರದು

ಪುಟ್ಟಿ, ಚಂಡಮಾರುತಕ್ಕಾಗಿ ಟೆಕ್ಸಾಸ್‌ನಲ್ಲಿ ವಿಪತ್ತು ಘೋಷಣೆಯಾಗಿರುವಾಗ ಹೆಂಡತಿಗೆ ಹೊಡೆದರೆ ಶಿಕ್ಷೆ ಹೆಚ್ಚಂತೆ, ಅದು ನಿಜವೇ, ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿರುವ, ಗಂಡನಿಂದ ಹೊಡೆಸಿಕೊಳ್ಳುತ್ತಿರುವ ನಿನ್ನ ಗೆಳತಿ ಮಳೆ ನಿಲ್ಲುವವರೆಗೆ ಸುಮ್ಮನಿರಬಹುದೇ ಎಂದು ಕೇಳಿದ್ದೀಯ. ನಿಜ. ಆದರೆ ಅವಳು ಕಾಯಬಾರದು.

2017ರ ಆಗಸ್ಟ್‌ನ ಹಾರ್ವಿ ಚಂಡಮಾರುತ ನಿಮಗೆಲ್ಲ ಗೊತ್ತೇ ಇದೆ, ದೊಡ್ಡಣ್ಣ ಹ್ಯೂಸ್ಟನ್‌ನ ನಮ್ಮ ಮನೆಯಲ್ಲಿ ಸಿಕ್ಕಿಕೊಂಡಿದ್ದಾಗಿನದು. ಎರಡು ಮನೆಯಾಚೆ ಹಾಸನದ ಕಡೆಯ ಹುಡುಗಿಯೊಬ್ಬಳಿದ್ದಳು, ಗಂಡನ ವೀಸಾದ ಆಸರೆಯಲ್ಲಿ ಬಂದವಳು. ರಸ್ತೆಗೆ ನೀರು ನುಗ್ಗಿ, ಕರೆಂಟು ಹೋಗಿ, ಇಬ್ಬರೂ ಮನೆಯೊಳಗೇ ಉಳಿದ ಆ ದಿನಗಳಲ್ಲಿ ಅವನು ಅವಳ ಕುತ್ತಿಗೆ ಹಿಸುಕಿದ. ಪೊಲೀಸರಿಗೆ ಫೋನ್ ಮಾಡು ಎಂದು ನಾನು ಎಷ್ಟು ಹೇಳಿದರೂ, "ಇಷ್ಟು ನೀರಿನಲ್ಲಿ ಯಾರು ಬರುತ್ತಾರೆ ಆಂಟಿ, ನೀರು ಇಳಿಯಲಿ" ಎಂದಳು. ನೀರು ಇಳಿಯುವಷ್ಟರಲ್ಲಿ ಕುತ್ತಿಗೆಯ ಗುರುತು ಮಾಸಿತ್ತು, ಫೋನಿನಲ್ಲಿದ್ದ ಚಿತ್ರಗಳನ್ನು ಅವನು ಅಳಿಸಿದ್ದ, ಯಾವ ದಿನ ನಡೆಯಿತು ಎಂಬುದೇ ಅವಳ ಬಾಯಲ್ಲಿ ತಡವರಿಸುತ್ತಿತ್ತು. ಅದಕ್ಕೇ ಹೇಳುತ್ತೇನೆ, ಕಾಯಬೇಡಿ.

ಟೆಕ್ಸಾಸ್‌ನ ದಂಡಸಂಹಿತೆಯ 12.50ನೇ ಕಲಮಿನ ಪ್ರಕಾರ, ಹಲ್ಲೆ ನಡೆದಾಗ ಆ ಪ್ರದೇಶ ವಿಪತ್ತು ಘೋಷಣೆಗೆ ಒಳಪಟ್ಟಿತ್ತೆಂದು ವಿಚಾರಣೆಯಲ್ಲಿ ತೋರಿಸಿದರೆ ಶಿಕ್ಷೆ ಮೇಲಿನ ದರ್ಜೆಗೆ ಏರುತ್ತದೆ. ಒಂದು ವರ್ಷದವರೆಗೆ ಜೈಲು ಇರುವ ಸಾಮಾನ್ಯ ಹಲ್ಲೆಗೆ ಕನಿಷ್ಠ 180 ದಿನ ನಿಗದಿಯಾಗುತ್ತದೆ. ಮನೆಯವಳ ಕುತ್ತಿಗೆ ಹಿಸುಕುವ ಅಪರಾಧಕ್ಕೆ 2ರಿಂದ 10 ವರ್ಷವಿದ್ದದ್ದು 20 ವರ್ಷದವರೆಗೂ ಹೋಗಬಹುದು. ದಿನವನ್ನೇ ಹೇಳಲಾಗದಿದ್ದರೆ ಇದನ್ನು ತೋರಿಸುವುದು ಕಷ್ಟವಾಗುತ್ತದೆ.

ನನಗೆ ಇಂದಿಗೂ ಸಹಿಸಲಾಗದಿರುವುದು ನಮ್ಮವರ ನಡತೆ. ನೆರೆ ಪರಿಹಾರಕ್ಕೆ ಅಕ್ಕಿಬೇಳೆ ಹಂಚಲು ಹತ್ತು ಮನೆಯವರು ಓಡಿಬಂದರು. ಈ ಹುಡುಗಿಯ ವಿಷಯ ತೆಗೆದಾಗ ಅದೇ ಹತ್ತು ಮನೆಯವರು "ಪಾಪ, ಅವನಿಗೂ ಟೆನ್ಶನ್ ಇತ್ತು" ಎಂದರು, ಊರಿನಿಂದ ಅವಳ ತಾಯಿಯೇ ಫೋನ್ ಮಾಡಿ "ಹೊಂದಿಕೊಂಡು ಹೋಗು" ಎಂದರು. ಮಳೆ ಎಲ್ಲರ ಮನೆಯ ಮೇಲೂ ಸುರಿದಿತ್ತು, ಎಲ್ಲ ಗಂಡಸರೂ ಕೈ ಎತ್ತಲಿಲ್ಲವಲ್ಲ! ಮತ್ತೆ ಹೇಳುತ್ತೇನೆ, ನೀರು ಇಳಿಯಲಿ ಎಂದು ಕಾಯಬೇಡಿ.

ಅಯ್ಯೋ, ಮುಖ್ಯವಾದದ್ದೇ ಉಳಿಯಿತು. ಅಪಾಯವಿದ್ದರೆ ಅವಳು ತುರ್ತು ಸಂಖ್ಯೆ 911ಕ್ಕೆ ಈಗಲೇ ಕರೆ ಮಾಡಲಿ. ಪೊಲೀಸರು ಬರುವುದು ತಡವಾದರೂ ಕರೆಯ ದಿನ, ಸಮಯ ದಾಖಲಾಗುತ್ತದೆ. ಗಾಯದ ಚಿತ್ರಗಳನ್ನು ನಿನಗೆ ಕಳುಹಿಸಿ ತನ್ನ ಫೋನಿನಿಂದ ಅಳಿಸಲಿ. ಮಾತನಾಡಿ ಸಲಹೆ ಕೇಳಲು ಕೌಟುಂಬಿಕ ಹಿಂಸೆಯ ರಾಷ್ಟ್ರೀಯ ಸಹಾಯವಾಣಿ 1-800-799-7233 ಇದೆ, ಹ್ಯೂಸ್ಟನ್‌ನಲ್ಲಿ ದಕ್ಷಿಣ ಏಷ್ಯಾದವರಿಗಾಗಿಯೇ ದಯಾ ಎಂಬ ಸಂಸ್ಥೆಯಿದೆ. ಗಂಡನ ವೀಸಾ ಎಂದು ಹೆದರಬಾರದು. ತನಿಖೆಗೆ ನೆರವಾಗುವ ಸಂತ್ರಸ್ತರು, ಅಂಥವರಿಗೆಂದೇ ಇರುವ ಯು ವೀಸಾಕ್ಕೆ ಅರ್ಜಿ ಹಾಕಬಹುದು. ಅವಳ ವಿಳಾಸವನ್ನು ಈ ಗುಂಪಿನಲ್ಲಿ ಹಾಕದೆ ನನಗೊಬ್ಬಳಿಗೇ ಕಳುಹಿಸು, ರಸ್ತೆ ತೆರೆದಿದ್ದರೆ ನಿನ್ನ ಮಾವ ಕಾರು ತೆಗೆದುಕೊಂಡು ಹೋಗುತ್ತಾರೆ.