‘ಹ್ಯೂಮನ್ಲಿ ಪಾಸಿಬಲ್’ ಎನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳುವುದು?

ಪ್ರಶ್ನೆ:
ಆಸ್ಪತ್ರೆಯೊಂದರ ಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನದು. ತೀವ್ರ ನಿಗಾ ಘಟಕದಲ್ಲಿ ತೀರಿಕೊಂಡವರ ಮನೆಯವರಿಗೆ ಹೋಗುವ ಪತ್ರದಲ್ಲಿ ‘ಹ್ಯೂಮನ್ಲಿ ಪಾಸಿಬಲ್’ ಆದದ್ದನ್ನೆಲ್ಲ ಮಾಡಿದೆವು ಎಂಬ ಅರ್ಥದ ಸಾಲೊಂದು ಇಂಗ್ಲಿಷಿನಲ್ಲಿದೆ. ಹಳೆಯ ಕನ್ನಡ ಪ್ರತಿಯಲ್ಲಿ ಅದು ‘ಮಾನವೀಯವಾಗಿ ಸಾಧ್ಯವಿರುವ ಎಲ್ಲವನ್ನೂ ಮಾಡಿದ್ದೇವೆ’ ಎಂದಾಗಿದೆ. ಓದಿದಾಗಲೆಲ್ಲ ಕಸಿವಿಸಿಯಾಗುತ್ತದೆ. ಹೆತ್ತವರನ್ನೋ ಮಕ್ಕಳನ್ನೋ ಕಳೆದುಕೊಂಡವರು ಓದುವ ಸಾಲು ಇದು. ‘ಕೈಲಾದಷ್ಟು ಮಾಡಿದೆವು’ ಎಂದರೆ ಸರಿಹೋದೀತೇ? ಬಲ್ಲವರು ತಿಳಿಸಿ.

ಉತ್ತರ 1:
ಮಾನವೀಯತೆಯ ಮಾತು ಇಲ್ಲಿ ಬರುವುದೇ ಇಲ್ಲ. ಕರುಣೆಯಿಂದ ಎನ್ನಲು ಇಂಗ್ಲಿಷಿನಲ್ಲಿ ‘ಹ್ಯೂಮೇನ್ಲಿ’ ಎಂಬ ಬೇರೆಯದೇ ಪದವಿದೆ. ಎರಡರ ಮೂಲವೂ ಲ್ಯಾಟಿನ್. 18ನೆಯ ಶತಮಾನದವರೆಗೂ ಎರಡೂ ಒಂದರೊಳಗೊಂದು ಬೆರೆತೇ ಇದ್ದವು. ಈಗ ‘ಹ್ಯೂಮನ್ಲಿ’ ಹೆಚ್ಚಾಗಿ ‘ಪಾಸಿಬಲ್’, ‘ಇಂಪಾಸಿಬಲ್’ಗಳ ಜೊತೆಗೇ ಬಂದು ಮನುಷ್ಯಶಕ್ತಿಯ ಎಲ್ಲೆಯನ್ನು ಹೇಳುತ್ತದೆ. ‘ಆಸ್ ಸೂನ್ ಆಸ್ ಪಾಸಿಬಲ್’ ಎಂದರೆ ಆದಷ್ಟು ಬೇಗ. ನಡುವೆ ‘ಹ್ಯೂಮನ್ಲಿ’ ಸೇರಿದರೆ, ಇದಕ್ಕಿಂತ ಬೇಗ ಯಾರಿಂದಲೂ ಆಗದು ಎಂಬ ಒತ್ತು ಬರುತ್ತದೆ. ಸಾಧ್ಯವಿಲ್ಲ ಎನ್ನಬೇಕಾದಾಗ ನಮ್ಮಲ್ಲಿ ಸಿದ್ಧವಾದ ಮಾತೇ ಇದೆ: ‘ಇದು ನರಮನುಷ್ಯರಿಂದ ಆಗುವ ಕೆಲಸವಲ್ಲ.’

‘ಕೈಲಾದಷ್ಟು’ ಮಾತ್ರ ಖಂಡಿತ ಬೇಡ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಕೇಳಲು ಬಂದವರು ಆಡುವ ಮಾತು ಅದು. ಕೊಟ್ಟಷ್ಟು ಸಾಕು ಎಂಬ ಛಾಯೆ ಅದಕ್ಕಿದೆ. ಸಾವಿನ ಮನೆಗೆ ಹೋಗುವ ಪತ್ರದಲ್ಲಿ ಅದನ್ನು ಓದಿದವರು, ಇನ್ನಷ್ಟು ಮಾಡಬಹುದಿತ್ತೇನೋ ಎಂದು ಕೊರಗುತ್ತಾರೆ. ನಾನಾದರೆ ಹೀಗೆ ಬರೆಯುತ್ತೇನೆ: ‘ಮನುಷ್ಯಪ್ರಯತ್ನದಿಂದ ಏನೇನು ಸಾಧ್ಯವೋ ಅದನ್ನೆಲ್ಲ ಮಾಡಿದೆವು. ಆದರೂ ಅವರನ್ನು ಉಳಿಸಿಕೊಳ್ಳಲು ಆಗಲಿಲ್ಲ.’

ಉತ್ತರ 2:
ಕ್ರೀಡಾ ಸುದ್ದಿ ಬರೆಯುವವನಾಗಿ ಒಂದು ಮಾತು. ಎರಡು ಗಂಟೆಯೊಳಗೆ ಮ್ಯಾರಥಾನ್ ಮುಗಿಸುವುದು ಮನುಷ್ಯಸಾಧ್ಯವೇ ಎಂಬ ಚರ್ಚೆ ಬಹುಕಾಲ ನಡೆದಿತ್ತು. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿ ತೋರಿಸಿದರು. ವೇಗ ಕಾಯ್ದುಕೊಡುವ ಓಟಗಾರರು ಸರದಿಯಂತೆ ಬದಲಾಗುತ್ತಿದ್ದ ವಿಶೇಷ ಓಟವಾದ್ದರಿಂದ ಅದು ವಿಶ್ವದಾಖಲೆಯ ಪಟ್ಟಿಗೆ ಸೇರಲಿಲ್ಲ. ಇಂಥ ಸುದ್ದಿಗೆ ‘ಮನುಷ್ಯಸಾಧ್ಯ’ ಚೆನ್ನಾಗಿ ಒಪ್ಪುತ್ತದೆ. ಎಲ್ಲೆ ಮೀರಿದ್ದಕ್ಕೆ ‘ಅತಿಮಾನುಷ’ ಎನ್ನಿ. ‘ಅಮಾನುಷ’ ಎಂದರೆ ಇಂದಿನ ಓದುಗರಿಗೆ ಕ್ರೌರ್ಯವೇ ನೆನಪಾಗುತ್ತದೆ.

ಉತ್ತರ 3:
ನಾನು ಶುಶ್ರೂಷಕಿ. ಮೊದಲ ಉತ್ತರದ ಸಾಲು ನನಗೆ ಒಪ್ಪಿಗೆ, ಆದರೆ ಅದನ್ನು ಒಂಟಿಯಾಗಿ ಬಿಡಬೇಡಿ. ವೆಂಟಿಲೇಟರ್ ಹಾಕಿದ್ದೆವು, ಡಯಾಲಿಸಿಸ್ ಮಾಡಿದೆವು, ರಕ್ತದೊತ್ತಡ ಏರಿಸಲು ಔಷಧ ಕೊಟ್ಟೆವು ಎಂದು ನಡೆದದ್ದನ್ನು ಅದರ ಹಿಂದೆಯೇ ಬರೆಯಿರಿ. ‘ಏನು ಮಾಡಿದಿರಿ?’ ಎಂದೇ ಮನೆಯವರು ನಮ್ಮನ್ನು ಕೇಳುವುದು. ಪತ್ರವನ್ನು ಹಿರಿಯರಿಗೆ ಓದಿ ಹೇಳುವವರು ಎಷ್ಟೋ ಸಲ ಮನೆಯಲ್ಲಿನ ಶಾಲೆಯ ಮಕ್ಕಳು; ಅವರ ಬಾಯಿಗೆ ನಿಲುಕುವಂತೆ ವಾಕ್ಯಗಳು ಚಿಕ್ಕದಾಗಿರಲಿ.